ಬೋರ್ಡಿನ ಖಾಲಿ ಕೊಕ್ಕೆ

ಡೊಂಬಿವಲಿ ಪೂರ್ವ,
ಭಾನುವಾರ, ೧೨ ಜುಲೈ ೨೦೨೬

ಅಶ್ಮಿತಾಳ ಪಪ್ಪನಿಗೆ ರತ್ನಾವತಿಯ ನಮಸ್ಕಾರ.

ನಾವಿಬ್ಬರೂ ಇಲ್ಲಿ ಕ್ಷೇಮ. ನಿಮ್ಮ ಆರೋಗ್ಯ ಹೇಗಿದೆ? ಗ್ಯಾಸ್ಟ್ರಿಕ್ ಮಾತ್ರೆ ಇಲ್ಲೇ ಬಿಟ್ಟು ಹೋಗಿದ್ದೀರಿ, ಈ ಕಾಗದದ ಜೊತೆ ಕಳಿಸಿದ್ದೇನೆ. ಸೊಂಟ ನೋವು ಶುರುವಾದರೆ ಸತ್ಯಭಾಮಕ್ಕನ ಹತ್ತಿರ ಎಣ್ಣೆ ಕೇಳಿ ಹಚ್ಚಿಕೊಳ್ಳಿ, ಒಡಹುಟ್ಟಿದ ಅಕ್ಕನ ಮನೆಯಲ್ಲಿ ಸಂಕೋಚ ಎಂಥದು? ಕಾರ್ಕಳದಲ್ಲಿ ಮಳೆ ಜೋರಿರಬೇಕು, ತಲೆ ಒದ್ದೆ ಮಾಡಿಕೊಂಡು ತಿರುಗಬೇಡಿ. ಕ್ಷೇಮ ಸಮಾಚಾರ ಇಲ್ಲಿಗೆ ಮುಗಿಯಿತು. ಇನ್ನು ಬೈಯುತ್ತೇನೆ.

ಅಲ್ಲ ಮಾರಾಯ್ರೆ, ಬೆಳಿಗ್ಗೆ ಡಬ್ಬಿ ಹಿಡಿದು ಓಟು ಹಾಕಲು ಬೇಲಾಪುರಕ್ಕೆ ಹೊರಟ ಗಂಡಸು ಕಾರ್ಕಳ ಮುಟ್ಟುವುದೆಂದರೆ ಏನು? ಥಾಣೆಯಲ್ಲಿ ಇಳಿದು ಬೇಲಾಪುರದ ಲೋಕಲ್ ಗಾಡಿ ಹಿಡಿಯುವ ಬದಲು ಊರಿನ ಬಸ್ಸು ಹತ್ತಿ ಕುಳಿತಿರಲ್ಲ, ಆ ಕಂಡಕ್ಟರನಾದರೂ ಕೇಳಬಾರದಿತ್ತೇ, ಬ್ಯಾಗಿಲ್ಲ, ಬಟ್ಟೆಯಿಲ್ಲ, ಬರೀ ಮೊಸರನ್ನ ಹಿಡಿದು ಎಲ್ಲಿಗೆ ಹೊರಟಿರಿ ಎಂದು? ಡಬ್ಬಿ ತೊಳೆದಿಟ್ಟಿದ್ದೀರಿ ತಾನೆ? ಫೋನ್ ಬೇರೆ ಬಂದ್. ಆಸ್ಪತ್ರೆಯೋ ಪೊಲೀಸೋ ಎಂದು ನಾನು ಹರಕೆ ಹೇಳಿಕೊಂಡು ಕುಳಿತಿದ್ದಾಗ ಸತ್ಯಭಾಮಕ್ಕನ ಫೋನ್ ಬಂತು. "ತಮ್ಮ ಇಲ್ಲೇ ಇದ್ದಾನೆ ರತ್ನ. ಊಟ ಮಾಡ್ತಾನೆ, ಮಾತಾಡುದಿಲ್ಲ. ನನ್ನ ಗ್ರೈಂಡರ್ ಬಿಚ್ಚಿ ಹಾಕಿದ್ದಾನೆ" ಎಂದರು. ಗ್ರೈಂಡರ್ ಬಿಚ್ಚಿದ್ದಾರೆ ಎಂದ ಮೇಲೆ ಜೀವಕ್ಕೇನೂ ಆಗಿಲ್ಲ ಎಂದು ಧೈರ್ಯ ಬಂತು. ಧೈರ್ಯ ಬಂದ ಕೂಡಲೇ ಸಿಟ್ಟೂ ಬಂತು.

ನೀವು ಯಾಕೆ ಓಡಿದಿರಿ ಎಂದು ನನಗೆ ಗೊತ್ತು. ಸಹ್ಯಗಿರಿ ಏರ್‌ವೇಸ್ ದಿವಾಳಿಯಾಗಿ ವಿಮಾನಗಳೆಲ್ಲ ಎಂಜಿನಿಗೆ ಟಾರ್ಪಾಲು ಹೊದ್ದು ನಿಂತಾಗ ನಾನು ಅಳಲಿಲ್ಲ. ನಿಮ್ಮ ಸಂಬಳ ನಿಂತಾಗಲೂ ಅಳಲಿಲ್ಲ, ಮನೆಯಲ್ಲೇ ಚಕ್ಕುಲಿ ಒತ್ತಿ ನಮ್ಮ ಬಿಲ್ಡಿಂಗ್ ಸೊಸೈಟಿಯವರಿಗೆ ಮಾರಿದೆ. ಆದರೆ ದಿವಾಳಿಯಾದ ಕಂಪನಿಯನ್ನು ನೋಡಿಕೊಳ್ಳಲು ಕೋರ್ಟು ನೇಮಿಸಿದ ಆ ಮನೀಶ್ ಸಾಹೇಬರು ಬೇಲಾಪುರದ ಆಫೀಸಿನಲ್ಲಿ ಕುಳಿತು, ಮೆಕ್ಯಾನಿಕ್‌ಗಳ ಪರವಾಗಿ ಒಂದೇ ಯೂನಿಯನ್ ಬರಲಿ, ಎರಡರ ಜೊತೆ ನಾನು ಮಾತಾಡುವುದಿಲ್ಲ ಎಂದರಲ್ಲ, ಆ ದಿನ ನನಗೆ ಅಳು ಬಂತು. ಹಳೆ ಯೂನಿಯನ್ನಿಗೆ ನಿಮ್ಮ ಸ್ವಂತ ಅಣ್ಣ ವಸಂತಕುಮಾರ ಭಾವ ಅಧ್ಯಕ್ಷರು. ಹೊಸ ಯೂನಿಯನ್ನಿಗೆ ನನ್ನ ಸ್ವಂತ ಅಣ್ಣ ಅನಿಲಕುಮಾರ. ಭಾವನ ಹಿಂದೆ ತಲೆ ನರೆತ ಹಳಬರೆಲ್ಲ, ಅನಿಲಣ್ಣನ ಹಿಂದೆ ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದವರೆಲ್ಲ. ಇಬ್ಬರ ನಡುವೆ ನೀವು, ಹುಟ್ಟಿದಂದಿನಿಂದ ಯಾರಿಗೂ 'ಇಲ್ಲ' ಎಂದು ಹೇಳಿ ಗೊತ್ತಿಲ್ಲದವರು.

ಭಾವ ಬಂದು ಸೋಫಾದಲ್ಲಿ ಕುಳಿತು "ಗುಣಪಾಲ, ನೀನು ನನ್ನ ತಮ್ಮ, ಬೇರೆ ಹೇಳ್ಲಿಕ್ಕೆ ಉಂಟಾ?" ಎಂದರೆ "ಆಯ್ತು, ನೋಡುವ" ಎಂದಿರಿ. ಅವರು ಮೆಟ್ಟಿಲಿಳಿಯುವಷ್ಟರಲ್ಲಿ ಅನಿಲಣ್ಣ ಕಲ್ಯಾಣದಿಂದ ಬಂಗುಡೆ ಮೀನು ಹಿಡಿದುಕೊಂಡು ಬಂದು "ತಂಗಿಯನ್ನು ಕೊಟ್ಟವ ನಾನು, ನೆನಪುಂಟಲ್ಲ?" ಎಂದರೆ ಅವನಿಗೂ "ಆಯ್ತು, ನೋಡುವ." ಬಾಲ್ಕನಿಯಲ್ಲಿ ಭಾವನ ಹಸಿರು ಬಾವುಟ, ಅಡುಗೆಮನೆಯ ಕಿಟಕಿಯಲ್ಲಿ ಅನಿಲಣ್ಣನ ಹಳದಿ ಬಾವುಟ. ಸೊಸೈಟಿಯ ಸೆಕ್ರೆಟರಿ ಬಾಗಿಲಿಗೆ ಬಂದು "ವಹಿನಿ, ತುಮ್ಚಾ ಪಕ್ಷ ಕೋಣ್ತಾ?" ಎಂದು ನಮ್ಮ ಪಕ್ಷ ಯಾವುದೆಂದು ವಿಚಾರಿಸಿದಾಗ, ಅದು ಬಾವುಟವಲ್ಲ, ಮೇಜಿನ ಬಟ್ಟೆ ಒಣಗಲು ಹಾಕಿದ್ದು ಎಂದು ನಾನು ಸುಳ್ಳು ಹೇಳಬೇಕಾಯಿತು. ಕೊನೆಗೆ ಅಶ್ಮಿತಾ ಕೂಡ "ಪಪ್ಪಾ, ಆಪ್ ಕಿಸ್ ಟೀಮ್ ಮೇಂ ಹೋ?" ಎಂದು ಕೇಳಿದರೆ ಹೆತ್ತ ಮಗಳಿಗೂ ಅದೇ ಉತ್ತರ. ಎಂಥ ಅವಸ್ಥೆ!

ಸಾಲದ್ದಕ್ಕೆ, ಎರಡರಲ್ಲಿ ಯಾವ ಯೂನಿಯನ್ ಎಂದು ತೀರ್ಮಾನಿಸಲು ಟೋಕನ್ ಓಟಿನ ಐಡಿಯಾ. ಚೀಟಿಯಲ್ಲಿ ಓಟು ಎಂದರೆ ಅವರು ನಕಲಿ ಚೀಟಿ ತುರುಕುತ್ತಾರೆ ಎಂದು ಇವರು, ಇವರು ತುರುಕುತ್ತಾರೆ ಎಂದು ಅವರು. ಕೊನೆಗೆ ಎರಡೂ ಕಡೆಯವರು ನಂಬುವ ವಸ್ತು ಲೋಕದಲ್ಲಿ ಒಂದೇ ಎಂದಾಯಿತು, ನೀವು ವಿಮಾನ ರಿಪೇರಿ ಮಾಡುವ ಹ್ಯಾಂಗರಿನ ಹಿತ್ತಾಳೆ ಟೋಕನ್. ಒಬ್ಬೊಬ್ಬರದು ಒಂದೊಂದು ನಂಬರು. ಉಪಕರಣ ತೆಗೆದಲ್ಲಿ ಟೋಕನ್ ಇಟ್ಟು ಹೋಗಬೇಕು, ಕೆಲಸ ಮುಗಿದ ಮೇಲೆ ಎಲ್ಲರ ಟೋಕನ್ ದೊಡ್ಡ ಬೋರ್ಡಿನ ಅವರವರ ಕೊಕ್ಕೆಗೆ ಬರಬೇಕು, ಒಂದು ಕೊಕ್ಕೆ ಖಾಲಿ ಇದ್ದರೂ ವಿಮಾನ ಬಿಡುವಂತಿಲ್ಲ, ಯಾರೂ ಮನೆಗೆ ಹೋಗುವಂತಿಲ್ಲ. ಸ್ಪ್ಯಾನರು ಎಂಜಿನಿನ ಒಳಗೇ ಉಳಿದಿದ್ದರೆ? ಮದುವೆಯಾದ ಹೊಸತರಲ್ಲಿ ನೀವು ಇದನ್ನು ವಿವರಿಸಿದಾಗ ನನಗೆ ನಿಮ್ಮ ಮೇಲೆ ಎಷ್ಟು ಗೌರವ ಬಂದಿತ್ತು! ಆದರೆ ಟೋಕನ್ ಮೇಲೆ ನಂಬರಿದ್ದರೆ ಯಾರು ಯಾವ ಡಬ್ಬಕ್ಕೆ ಹಾಕಿದರು ಎಂದು ಊರಿಗೆಲ್ಲ ತಿಳಿಯುತ್ತದಲ್ಲ, ಓಟು ಎಂದರೆ ಗುಟ್ಟಾಗಿರಬೇಕಲ್ಲ ಎಂದು ಇಡೀ ವಿಮಾನ ಬಿಚ್ಚಿ ಜೋಡಿಸುವ ಒಬ್ಬರಿಗೂ ಹೊಳೆಯಲಿಲ್ಲ. ನಿಮಗೊಬ್ಬರಿಗೆ ಹೊಳೆಯಿತು. ಹೊಳೆದದ್ದನ್ನು ಹೇಳುವ ಬದಲು ಓಡಿದಿರಿ.

ಓಡಿ ಎಂಥ ತಮಾಷೆ ತಪ್ಪಿಸಿಕೊಂಡಿರಿ ಗೊತ್ತೇ? ನಾನೂ ಅಲ್ಲಿರಲಿಲ್ಲ. ಆದರೆ ಭಾವ ಒಮ್ಮೆ, ಅನಿಲಣ್ಣ ಒಮ್ಮೆ ಹೇಳಿದ್ದರಿಂದ ಎರಡು ಸಲ ನೋಡಿದ ಹಾಗಾಗಿದೆ. ಬೇಲಾಪುರದ ಮದುವೆ ಹಾಲಿನಲ್ಲಿ ಓಟು. ಹ್ಯಾಂಗರಿನ ಬೋರ್ಡನ್ನೇ ಟೆಂಪೋದಲ್ಲಿ ತಂದು ಗೋಡೆಗೆ ನಿಲ್ಲಿಸಿದ್ದರು. ವೇದಿಕೆಯ ಮೇಲೆ ಹಸಿರು ಡಬ್ಬ ಒಂದು, ಹಳದಿ ಡಬ್ಬ ಒಂದು. ಎಲ್ಲರೂ ಸಾಲಾಗಿ ಬಂದು ಟೋಕನ್ ಹಾಕಿದರು, ಜಗಳವಿಲ್ಲ, ಬೊಬ್ಬೆಯಿಲ್ಲ, ಮನೀಶ್ ಸಾಹೇಬರು ಖುಷಿಯಿಂದ ತಲೆದೂಗಿದರಂತೆ. ಸಮಯ ಮುಗಿಯಿತೆಂದು ಯಾರೋ ಸೀಟಿ ಊದಿದರು. ಊದಿದ್ದೇ ತಪ್ಪು. ಸೀಟಿ ಕೇಳಿದ ಕೂಡಲೇ ಭಾವ ಹಸಿರು ಡಬ್ಬ ಎತ್ತಿ ಮೇಜಿನ ಮೇಲೆ ಸುರಿದರು, ಅನಿಲಣ್ಣ ಹಳದಿ ಡಬ್ಬವನ್ನು ಅದರ ಮೇಲೇ ಸುರಿದ. ಹಳಬರು ಹೊಸಬರು ಎಲ್ಲ ಸೇರಿ ಬಾಚಿ ಬಾಚಿ ಒಂದೊಂದೇ ಟೋಕನ್ನನ್ನು ಅದರದರ ಕೊಕ್ಕೆಗೆ ಸಿಕ್ಕಿಸಿದರು. ದಿನವೂ ಮಾಡುವ ಕೆಲಸ, ಕೈ ತಾನಾಗಿಯೇ ಓಡಿದೆ. ಮೇಜು ಖಾಲಿಯಾಯಿತು, ಎಲ್ಲರೂ ಸೊಂಟಕ್ಕೆ ಕೈಯಿಟ್ಟು ಸಮಾಧಾನದಿಂದ ನೋಡಿದರು. ಆಗ ಸಾಹೇಬರು ಮೆಲ್ಲನೆ ಕೇಳಿದರು, "ಜೀತಾ ಕೌನ್?" ಎಂದು.

ಯಾರು ಗೆದ್ದರೋ ದೇವರಿಗೇ ಗೊತ್ತು. ಯಾವ ಟೋಕನ್ ಯಾವ ಡಬ್ಬದ್ದು ಎಂದು ಇನ್ನು ಹೇಳುವುದು ಹೇಗೆ? ಸಾಹೇಬರು ತಲೆ ಮೇಲೆ ಕೈ ಹೊತ್ತು, ಹೋಗಲಿ, ಇನ್ನೊಮ್ಮೆ ಓಟು ಹಾಕಿ ಎಂದರು. ಹಾಕಬಹುದಿತ್ತು. ಆದರೆ ಅಷ್ಟರಲ್ಲಿ ಎಲ್ಲರ ಕಣ್ಣೂ ಬೋರ್ಡಿನ ಕೆಳಸಾಲಿಗೆ ಹೋಗಿತ್ತು. ಅಲ್ಲೊಂದು ಕೊಕ್ಕೆ ಖಾಲಿ. ನಿಮ್ಮದು. ಒಬ್ಬನ ಟೋಕನ್ ಇಲ್ಲದಿದ್ದರೆ ಏನಾಯಿತು, ಶುರು ಮಾಡಿ ಎಂದು ಸಾಹೇಬರು ಹೇಳಿದ್ದೇ ತಡ, ತಿಂಗಳುಗಟ್ಟಲೆ ಒಂದು ಮಾತಿಗೂ ಒಪ್ಪದ ಎರಡು ಯೂನಿಯನ್ನುಗಳು ಒಂದೇ ಸ್ವರದಲ್ಲಿ ಅವರ ಮೇಲೆ ಏರಿ ಹೋದವಂತೆ. ಕೊಕ್ಕೆ ಖಾಲಿ ಇಟ್ಟುಕೊಂಡು ಮುಂದಿನ ಕೆಲಸ ಮುಟ್ಟುವುದೇ? ಸಾಹೇಬರೇ, ನಿಮಗೆ ಬುದ್ಧಿ ಉಂಟಾ? ಪಾಪ, ಸಾಹೇಬರು ನೀರು ಕುಡಿದು ಕುಳಿತರು. ಕೊಕ್ಕೆ ತುಂಬಿದ ಮರುದಿನವೇ ಮರು ಓಟು, ಅಲ್ಲಿಯವರೆಗೆ ಎಲ್ಲ ಮಾತುಕತೆಗೂ ಇಬ್ಬರೂ ಅಧ್ಯಕ್ಷರು ಒಟ್ಟಿಗೇ ಬರಬೇಕು ಎಂದು ತೀರ್ಮಾನವಾಯಿತು.

ಮರುದಿನ ಬೆಳಿಗ್ಗೆ ಹಾಲಿನವನಿಗಿಂತ ಮೊದಲು ಇಬ್ಬರೂ ನಮ್ಮ ಬಾಗಿಲಲ್ಲಿ. ವಿಮಾನದಲ್ಲಿ ಕಳೆದ ವಸ್ತು ಹುಡುಕುವ ಕ್ರಮದಲ್ಲೇ ಮನೆ ಹುಡುಕುತ್ತೇವೆ ಎಂದರು. ಭಾವನಿಗೆ ಪಡಸಾಲೆ, ಅನಿಲಣ್ಣನಿಗೆ ಅಡುಗೆಮನೆ. ಒಬ್ಬ ಹುಡುಕಿದ ಜಾಗವನ್ನು ಇನ್ನೊಬ್ಬ ಪುನಃ ನೋಡಿ ಸರಿ ಎನ್ನಬೇಕು. ಅಕ್ಕಿ ಡಬ್ಬ ಸುರಿದರು, ಸೋಫಾ ಮಗುಚಿದರು, ವಾಷಿಂಗ್ ಮೆಷಿನ್ನಿನ ಹೊಟ್ಟೆ ಬಿಚ್ಚಿದರು. ಅಶ್ಮಿತಾ ಎದ್ದು ಬಂದವಳು "ಮಮ್ಮಿ, ಯೇ ಲೋಗ್ ಫ್ರಿಜ್ ಕ್ಯೂಂ ಖೋಲ್ ರಹೇ ಹೈಂ?" ಎಂದು ಬಾಯಿ ಬಿಟ್ಟು ನಿಂತಳು. ಆದರೆ ಬಿಚ್ಚಿದ್ದನ್ನೆಲ್ಲ ಬಿಚ್ಚಿದ್ದಕ್ಕಿಂತ ಚೆಂದ ಜೋಡಿಸಿದರು, ಸುಳ್ಳು ಹೇಳಬಾರದು. ನೀವು "ಆಯ್ತು, ನೋಡುವ" ಎಂದು ವರ್ಷದಿಂದ ನೋಡುತ್ತಲೇ ಇದ್ದ ಬಾತ್‌ರೂಮಿನ ನಲ್ಲಿ ಈಗ ಸೋರುವುದಿಲ್ಲ. ಮಿಕ್ಸಿ ಶಬ್ದವೇ ಮಾಡುವುದಿಲ್ಲ. ಟೋಕನ್ ಮಾತ್ರ ಸಿಗಲಿಲ್ಲ. ಕೊನೆಗೆ ಇಬ್ಬರೂ ಕೈ ತೊಳೆದು ಒಂದೇ ಮೇಜಿನಲ್ಲಿ ಕುಳಿತು ನೀರುದೋಸೆ ತಿಂದರು. "ಅನಿಲ, ಚಟ್ನಿ ಇತ್ತ ಕೊಡು" ಎಂದರು ಭಾವ. ದಿವಾಳಿ ಸುದ್ದಿ ಬಂದಾಗಿನಿಂದ ಅವರು ಅವನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ನನಗೆ ಕಣ್ಣು ತುಂಬಿ ಬಂತು, ದೋಸೆಕಾವಲಿಯ ಹೊಗೆ ಎಂದೆ.

ಆಮೇಲಿನದು ಕೇಳಿ. ಒಬ್ಬರೇ ಸಾಹೇಬರನ್ನು ಕಂಡಾರು ಎಂಬ ಸಂಶಯಕ್ಕೆ ಇಬ್ಬರೂ ಒಂದೇ ಗಾಡಿಯಲ್ಲಿ ಬೇಲಾಪುರಕ್ಕೆ ಹೋಗತೊಡಗಿದರು. ಅನಿಲಣ್ಣ ಕಲ್ಯಾಣದಲ್ಲಿ ಹತ್ತಿ ಪಕ್ಕದ ಸೀಟಿನಲ್ಲಿ ಕರ್ಚೀಫು ಹಾಸಿ ಹಿಡಿದಿಡುವುದು, ಭಾವ ಡೊಂಬಿವಲಿಯಲ್ಲಿ ನುಗ್ಗಿ ಬಂದು ಅದರ ಮೇಲೆ ಕೂರುವುದು. ಡೊಂಬಿವಲಿಯವನಿಗೆ ಬೆಳಗಿನ ಗಾಡಿಯಲ್ಲಿ ಸೀಟು ಹಿಡಿದಿಟ್ಟವನನ್ನು ದ್ವೇಷಿಸುವುದು ಎಷ್ಟು ದಿನ ಸಾಧ್ಯ, ನೀವೇ ಹೇಳಿ. ಹೀಗಿರುವಾಗ ಒಂದು ದಿನ ಮುಂಬ್ರಾ ದಾಟುವಾಗ ಭಾವನಿಗೆ ಫೋನ್ ಬಂತು. ನಿಮ್ಮ ಹ್ಯಾಂಗರನ್ನು ಕೊಳ್ಳಲು ಬಂದಿದ್ದಾರಲ್ಲ ಹೈದರಾಬಾದಿನ ಕಂಪನಿಯವರು, ಅವರ ಮನುಷ್ಯ. ಎಂಜಿನಿನ ಗದ್ದಲದಲ್ಲಿ ಭಾವನ ಕಿವಿ ಹೋಗಿ ಎಷ್ಟು ಕಾಲವಾಯಿತು, ಸ್ಪೀಕರ್ ಹಾಕದೆ ಅವರಿಗೆ ಕೇಳುತ್ತದೆಯೇ? "ನೀವು ಗೆದ್ದು ಬನ್ನಿ, ನಿಮ್ಮ ಹಳಬರನ್ನು ಇಟ್ಟುಕೊಂಡು ಆ ಹುಡುಗರನ್ನೆಲ್ಲ ಮನೆಗೆ ಕಳಿಸುತ್ತೇವೆ" ಎಂದು ಹಿಂದಿಯಲ್ಲಿ ಹೇಳಿದ್ದು ಇಡೀ ಬೋಗಿಗೆ ಕೇಳಿಸಿತು. ಪಕ್ಕದಲ್ಲಿದ್ದ ಅನಿಲಣ್ಣನಿಗೆ ನಗು ಬಂತಂತೆ. ಅದೇ ಮನುಷ್ಯ, ಅದೇ ದನಿಯಲ್ಲಿ, ನೀನು ಗೆದ್ದು ಬಾ, ಮುದುಕರನ್ನೆಲ್ಲ ಮನೆಗೆ ಕಳಿಸುತ್ತೇವೆ ಎಂದು ಹಿಂದಿನ ವಾರವಷ್ಟೇ ಅವನಿಗೆ ಹೇಳಿದ್ದನಂತೆ.

ಥಾಣೆಯಲ್ಲಿ ಇಳಿದು ಇಬ್ಬರೂ ವಡಾಪಾವ್ ಅಂಗಡಿಯ ಮುಂದೆ ನಿಂತರಂತೆ. ಯಾರು ಏನು ಹೇಳಿದರೋ ನನಗೆ ಇಬ್ಬರೂ ಹೇಳಿಲ್ಲ. ಬೇಲಾಪುರಕ್ಕೆ ಹೋಗಿ ಆ ಹೈದರಾಬಾದಿನವನಿಗೆ ಒಟ್ಟಿಗೆ ಒಂದೇ ಮಾತು ಹೇಳಿದರು: ಇಟ್ಟುಕೊಳ್ಳುವುದಾದರೆ ಹಳಬ ಹೊಸಬ ಎಲ್ಲರನ್ನೂ ಇಟ್ಟುಕೊಳ್ಳಿ, ಇಲ್ಲದಿದ್ದರೆ ಒಬ್ಬನೂ ನಿಮ್ಮ ವಿಮಾನದ ಒಂದು ಸ್ಕ್ರೂ ಮುಟ್ಟುವುದಿಲ್ಲ. ಇಬ್ಬರೂ ಎದುರಿಗೇ ಇರುವಾಗ ಆ ಮನುಷ್ಯ ಯಾರ ಕಿವಿಯಲ್ಲಿ ಪಿಸುಗುಡಬೇಕು? ಹಿಂದೆ ಮುಂದೆ ನೋಡಿ ಒಪ್ಪಿದ. ಬರುವ ವಾರ ಒಪ್ಪಂದಕ್ಕೆ ಇಬ್ಬರ ಸಹಿ. ನನಗೆ ಎಷ್ಟು ಸಂತೋಷವಾಯಿತು ಎಂದರೆ ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ.

ಸಂತೋಷ ಅರ್ಧ ದಿನವೂ ಉಳಿಯಲಿಲ್ಲ. ಯಾಕೆಂದರೆ ನಿಮ್ಮ ಜಾತಿ ಮೆಕ್ಯಾನಿಕ್ ಜಾತಿ. ಖಾಲಿ ಕೊಕ್ಕೆ ಬಿಟ್ಟು ಸಹಿ ಹಾಕಲು ಕೈ ಬರುವುದಿಲ್ಲ ಎಂದು ಇಬ್ಬರೂ ಹಟ ಹಿಡಿದಿದ್ದಾರೆ. ನಿಮ್ಮ ಪದ್ಧತಿಯಲ್ಲಿ ಇದಕ್ಕೆ ಎರಡೇ ದಾರಿಯಂತೆ. ಟೋಕನ್ ಸಿಗಬೇಕು, ಇಲ್ಲವೇ ಕಳೆದವನು ತಾನೇ ಎಲ್ಲರ ಮುಂದೆ 'ಕಳೆದೆ' ಎಂದು ಒಪ್ಪಿ, ಆ ಕೊಕ್ಕೆಗೆ ಅವನ ಹೆಸರಿನ ಕೆಂಪು ಪಟ್ಟಿ ಕಟ್ಟಬೇಕು. ಕಳೆದರೆ ಮರು ಓಟಿಗೆ ಹೊಸ ಟೋಕನ್ ಬೇಕು, ಅದನ್ನು ಮಾಡಿಸಿ ಕೊಡಬೇಕಾದ ಕಂಪನಿಯೇ ದಿವಾಳಿ, ಹಾಗಾಗಿ ಓಟು ಸದ್ಯಕ್ಕಿಲ್ಲ, ಇಬ್ಬರೂ ನೆಮ್ಮದಿಯಿಂದ ಸಹಿ ಹಾಕುತ್ತಾರೆ. ಸಿಕ್ಕರೆ ಮರುದಿನವೇ ಓಟು. ಒಬ್ಬರು ಗೆಲ್ಲುತ್ತಾರೆ, ಗೆದ್ದವರ ಬೆನ್ನಿಗೆ ಅವರ ಕಡೆಯವರು ಇದ್ದೇ ಇದ್ದಾರೆ, ಹೈದರಾಬಾದಿನವನು ಮತ್ತೆ ಒಬ್ಬರ ಕಿವಿಗೆ ಬಾಯಿ ಇಡುತ್ತಾನೆ. ಭಾವನ ಮನೆಯೋ ಅನಿಲಣ್ಣನ ಮನೆಯೋ, ಒಂದು ಕಡೆ ಒಲೆ ಆರುತ್ತದೆ. ಇಷ್ಟು ಗೊತ್ತಿದ್ದೂ ಇಬ್ಬರೂ ಟೋಕನ್ ಹುಡುಕುವುದು ಬಿಡುವುದಿಲ್ಲ! ಸತ್ಯಭಾಮಕ್ಕನಿಗೆ ಫೋನ್ ಮಾಡಿ ನಿಮ್ಮನ್ನು ಕೇಳಿಸಿದರೆ ನೀವು ಗ್ರೈಂಡರ್ ಒರೆಸುತ್ತ "ಆಯ್ತು, ನೋಡುವ" ಎಂದಿರಂತೆ. ಅದಕ್ಕೇ ಇವತ್ತು ಇಬ್ಬರೂ ಸೇರಿ ನಿಮ್ಮಲ್ಲಿಗೇ ಹೊರಟಿದ್ದಾರೆ. ಈ ಕಾಗದ ನಿಮ್ಮ ಕೈಗೆ ಕೊಟ್ಟವರು ಅವರೇ. ಮೊದಲು ಬೆಲ್ಲ ನೀರು ಕೊಡಿ.

ದಾರಿಗೆ ಪುಂಡಿ ಕಡುಬು ಕಟ್ಟಿ ಕೊಟ್ಟಿದ್ದೇನೆ, ಬೇಕೆಂದೇ ಇಬ್ಬರಿಗೂ ಸೇರಿ ಒಂದೇ ಡಬ್ಬಿ. ನಿಮಗೆ ಎರಡು ಜೊತೆ ಬಟ್ಟೆ, ಮಾತ್ರೆ, ಅಶ್ಮಿತಾ ಇಟ್ಟ ಚಾರ್ಜರ್ ಇದೆ. ಅವಳು ನಿಮ್ಮ ಮೇಲೆ ಸಿಟ್ಟಾಗಿದ್ದಾಳೆ, ಆದರೂ ನಿಮ್ಮ ದಿಂಬಿನ ಮೇಲೇ ಮಲಗುತ್ತಾಳೆ. ನನ್ನದೂ ಹಾಗೇ ಎಂದುಕೊಳ್ಳಿ. ನೀವಿಲ್ಲದೆ ಈ ಮನೆಯಲ್ಲಿ ಎಲ್ಲವೂ ಸರಿಯಾಗಿ ನಡೆಯುತ್ತಿದೆ, ನಲ್ಲಿ ಕೂಡ ಸೋರುವುದಿಲ್ಲ, ನನಗೆ ಅದೇ ಸಹಿಸಲಾಗುವುದಿಲ್ಲ. ಸತ್ಯಭಾಮಕ್ಕನಿಗೆ ನಮಸ್ಕಾರ ತಿಳಿಸಿ. ಅವರ ಗ್ರೈಂಡರ್ ಜೋಡಿಸಿ ಕೊಟ್ಟೇ ಹೊರಡಿ. ದೇವರು ನಿಮಗೆ ಆರೋಗ್ಯ ಕೊಡಲಿ, ಜೊತೆಗೆ ಸ್ವಲ್ಪ ಧೈರ್ಯವನ್ನೂ ಕೊಡಲಿ.

ನಿಮ್ಮ
ರತ್ನಾವತಿ

ತಾ.ಕ.: ಕೆಳಗೆ ರಿಕ್ಷಾ ಬಂದಿದೆ, ಇಬ್ಬರೂ ಬೂಟು ಹಾಕುತ್ತಿದ್ದಾರೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಇದನ್ನು ಅವರ ಮುಂದೆ ಓದಬೇಡಿ. ಲಕೋಟೆ ಅಂಟಿಸಿಯೇ ಕೊಡುತ್ತೇನೆ, ಗಂಡ ಹೆಂಡತಿಯ ಮಾತು ಎಂದೆ. ಇಬ್ಬರೂ ನಾಚಿ ಅತ್ತ ತಿರುಗಿದರು. ಟೋಕನ್ ನನ್ನ ಹತ್ತಿರ ಇದೆ. ಓಟಿನ ದಿನಕ್ಕೆಂದು ನಾನು ಇಸ್ತ್ರಿ ಪ್ಯಾಂಟು ಕೊಟ್ಟೆ, ಟೋಕನ್ ಹಳೆ ಪ್ಯಾಂಟಿನಲ್ಲೇ ಉಳಿಯಿತು, ಒಗೆಯುವಾಗ ಸಿಕ್ಕಿತು. ಅವರು ಹುಡುಕಲು ಬಂದ ದಿನ ಕೊಟ್ಟುಬಿಡೋಣ ಎಂದು ಮುಷ್ಟಿಯಲ್ಲಿ ಹಿಡಿದುಕೊಂಡೇ ಪಡಸಾಲೆಗೆ ಬಂದೆ. ಆಗ ಇಬ್ಬರೂ ನಮ್ಮ ಫ್ರಿಜ್ಜನ್ನು ಆ ಕಡೆ ಒಬ್ಬರು ಈ ಕಡೆ ಒಬ್ಬರು ಹಿಡಿದು ಎತ್ತುತ್ತಿದ್ದರು, "ಜಾಗ್ರತೆ, ನಿನ್ನ ಕಾಲು" ಎನ್ನುತ್ತಿದ್ದರು ಭಾವ. ಮುಷ್ಟಿ ಬಿಚ್ಚಲು ನನ್ನಿಂದಾಗಲಿಲ್ಲ. ಇನ್ನು ನಿಮ್ಮ ಸರದಿ. ಹಳೆ ಪ್ಯಾಂಟಿನ ಮಾತು ಎತ್ತಬೇಡಿ, ಕಳೆದೆ ಎನ್ನಿ. ಇಷ್ಟು ವರ್ಷ ಒಂದು ನಟ್ಟೂ ಕಳೆಯದ ನಿಮಗೆ ಕೆಂಪು ಪಟ್ಟಿ ಎಂದರೆ ಏನೆಂದು ನನಗೆ ಗೊತ್ತು. ಆದರೆ ಇಬ್ಬರಿಗೂ ಓಟು ಹಾಕುವ ದಾರಿ ಇದೊಂದೇ. ಭಾವ ಜೋರಾಗಿ ಬೈಯುತ್ತಾರೆ, ಅನಿಲಣ್ಣ ಅದಕ್ಕಿಂತ ಜೋರಾಗಿ ಬೈಯುತ್ತಾನೆ. ತಲೆ ತಗ್ಗಿಸಿಯೇ ನಿಲ್ಲಿ, ದಮ್ಮಯ್ಯ, ನನ್ನ ಮುಷ್ಟಿ ನೆನೆದು ನಡುವಿನಲ್ಲಿ ನಕ್ಕುಬಿಡಬೇಡಿ.